ಜಮೀನಿಗೆ ಮುಂಗಡ ಕೊಡುವ ಮೊದಲು ಆನ್‌ಲೈನ್‌ನಲ್ಲಿ ಏನೇನು ನೋಡಿದಿರಿ?

ಕೊಳ್ಳಲು ಹೊರಟವರು:
ನಮ್ಮೂರಿನ ಹತ್ತಿರ 1 ಎಕರೆ 20 ಗುಂಟೆ ಖುಷ್ಕಿ ಜಮೀನು ನೋಡಿದ್ದೇವೆ. ಮಾರುವವರು ಪಹಣಿ ಕೊಟ್ಟಿದ್ದಾರೆ, ಅದರಲ್ಲಿ ಅವರದೇ ಹೆಸರಿದೆ. ವಕೀಲರಿಗೆ ತೋರಿಸುವ ಮೊದಲು ನಾವೂ ಒಂದಿಷ್ಟು ತಿಳಿದುಕೊಳ್ಳೋಣ ಅಂತ. ಪಹಣಿಗೆ ಭೂಮಿ, ನೋಂದಣಿಗೆ ಕಾವೇರಿ ಅಂತ ಸರ್ಕಾರದ ಜಾಲತಾಣಗಳಿವೆ, ಅವನ್ನೆಲ್ಲ ನೋಡಿ ಅಂತಾರೆ, ಏನು ನೋಡಬೇಕು ಅಂತ ಯಾರೂ ಬಿಡಿಸಿ ಹೇಳುವುದಿಲ್ಲ. ಕೊಂಡವರು ದಯವಿಟ್ಟು ಹೇಳಿ.

ಹೋದ ವರ್ಷ ಕೊಂಡವರು:
ಅವರು ಕೊಟ್ಟ ಪಹಣಿಯನ್ನು ಪಕ್ಕಕ್ಕಿಡಿ. ಭೂಮಿ ಜಾಲತಾಣದಲ್ಲಿ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರ್, ಹಿಸ್ಸಾ (ಸರ್ವೆ ನಂಬರಿನೊಳಗಿನ ಭಾಗದ ನಂಬರ್) ಹಾಕಿ ಈ ಸಾಲಿನ ಪಹಣಿಯನ್ನು ನೀವೇ ತೆಗೆದು ನೋಡಿ. ನಮಗೆ ಕೊಟ್ಟಿದ್ದು ಎರಡು ವರ್ಷ ಹಳೆಯದು. ಹೊಸದನ್ನು ತೆಗೆದಾಗ 11ನೇ ಕಾಲಂನಲ್ಲಿ ಬೆಳೆ ಸಾಲ ಕೂತಿತ್ತು. ಕೇಳಿದರೆ "ಅದು ಯಾವತ್ತೋ ತೀರಿಸಿದ್ದೇವೆ" ಅಂದರು. ತೀರಿಸಿದ್ದು ನಿಜವೇ. ಆದರೆ ಬೇಬಾಕಿ ಪತ್ರ (ಸಾಲ ಬಾಕಿ ಇಲ್ಲ ಅನ್ನುವ ಪತ್ರ) ತಂದು ಪಹಣಿಯಿಂದ ಸಾಲ ತೆಗೆಸುವವರೆಗೆ ನಾವು ಒಂದು ರೂಪಾಯಿಯೂ ಕೊಡಲಿಲ್ಲ.

ಎಲ್ಲರೂ 9ನೇ ಕಾಲಂ ನೋಡಿ ಸಮಾಧಾನ ಮಾಡಿಕೊಳ್ಳುತ್ತಾರೆ, ಯಾಕೆಂದರೆ ಅಲ್ಲಿ ಮಾಲೀಕರ ಹೆಸರಿರುತ್ತದೆ. ನಿಜವಾದ ಕಥೆ ಇರುವುದು 10ರಲ್ಲಿ. ಆ ಜಮೀನು ಅವರಿಗೆ ಹೇಗೆ ಬಂತು, ಕ್ರಯವೋ, ವಿಭಾಗವೋ, ಪೌತಿಯೋ (ತೀರಿಕೊಂಡವರಿಂದ ವಾರಸುದಾರರಿಗೆ ಬಂದದ್ದು), ದಾನವೋ, ಜೊತೆಗೆ ಎಂಆರ್ (ಮ್ಯುಟೇಶನ್, ಅಂದರೆ ಹಕ್ಕು ಬದಲಾವಣೆಯ ದಾಖಲೆ) ನಂಬರ್ ಎಷ್ಟು ಅಂತ ಅಲ್ಲಿ ಇರುತ್ತದೆ. ಆ ನಂಬರ್ ಹಿಡಿದು ಮ್ಯುಟೇಶನ್ ತೆಗೆಯಿರಿ. ಅದರಲ್ಲಿ ಕಾಣುವ ಹಿಂದಿನ ಮಾಲೀಕರಿಗೆ ಹೇಗೆ ಬಂತು ಅಂತ ಮತ್ತೆ ಹಿಂದಕ್ಕೆ ಹೋಗಿ. ಪಹಣಿ ಕಂಪ್ಯೂಟರಿಗೆ ಬಂದಿದ್ದೇ 2000ದ ಸುಮಾರಿಗೆ. ಅದಕ್ಕೂ ಹಿಂದಿನ ಕೈಬರಹದ ಪಹಣಿ ಬೇಕಾದರೆ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿಗೆ ಅರ್ಜಿ ಹಾಕಬೇಕು. ನಾವು ಹಾಕಿದೆವು, ನಾಲ್ಕು ಸಲ ಅಲೆದೆವು. ಅಲೆದಿದ್ದಕ್ಕೆ ಬೇಜಾರಿಲ್ಲ.

3ನೇ ಕಾಲಂನಲ್ಲಿ ವಿಸ್ತೀರ್ಣ ಇರುತ್ತದೆ. ಅಲ್ಲಿ 1.20 ಅಂದರೆ ಒಂದು ಎಕರೆ ಇಪ್ಪತ್ತು ಗುಂಟೆ. ಎಕರೆಗೆ 40 ಗುಂಟೆ, ಹಾಗಾಗಿ ಅದು ಒಂದೂವರೆ ಎಕರೆ. ಅದರ ಕೆಳಗೇ ಖರಾಬು ನೋಡಿ. ಎ ಖರಾಬು ಸಾಗುವಳಿಗೆ ಬಾರದ ನೆಲ. ಬಿ ಖರಾಬು ದಾರಿ, ಹಳ್ಳ, ಕಾಲುವೆ ಥರದ ಸಾರ್ವಜನಿಕ ಬಳಕೆಯದು. ಬಿ ಖರಾಬಿಗೂ ಸೇರಿಸಿ ಗುಂಟೆ ಲೆಕ್ಕದಲ್ಲಿ ದುಡ್ಡು ಕೇಳುವವರಿದ್ದಾರೆ, ಒಪ್ಪಬೇಡಿ.

ಇನ್ನು ಇಸಿ, ಅಂದರೆ ಜಮೀನಿನ ಮೇಲಿನ ನೋಂದಾಯಿತ ವಹಿವಾಟು, ಋಣ ತೋರಿಸುವ ಪತ್ರ. ಕಾವೇರಿಯಲ್ಲಿ 2004ರ ಏಪ್ರಿಲ್ 1ರಿಂದ ಈಚಿನದು ಆನ್‌ಲೈನ್‌ನಲ್ಲಿ ಸಿಗುತ್ತದೆ. ಅದಕ್ಕೂ ಹಿಂದಿನದಕ್ಕೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲೇ ಕೇಳಬೇಕು. ವಹಿವಾಟು ಇದ್ದರೆ ನಮೂನೆ 15, ಏನೂ ಇಲ್ಲದಿದ್ದರೆ ನಮೂನೆ 16 ಬರುತ್ತದೆ. ನಾನು ಎಡವುತ್ತಿದ್ದದ್ದು ಇಲ್ಲೇ. ಈಗಿನ ಹಿಸ್ಸಾ ನಂಬರ್ ಹಾಕಿದೆ, ನಮೂನೆ 16 ಬಂತು, ಖುಷಿಪಟ್ಟೆ. ನಮ್ಮ ವಕೀಲರು "ಪೋಡಿ ಆಗುವ, ಅಂದರೆ ನಂಬರ್ ಒಡೆಯುವ ಮುಂಚಿನ ನಂಬರ್ ಹಾಕಿ ನೋಡಿ" ಅಂದರು. ಹಾಕಿದರೆ ಹಳೆಯದೊಂದು ಅಡಮಾನ ಪತ್ರ ಎದ್ದು ಬಂತು! ನಂಬರ್ ಒಡೆದ ಜಮೀನಾದರೆ ಮೂಲ ನಂಬರ್‌ಗೂ ಇಸಿ ತೆಗೆಸಲೇಬೇಕು. ಇನ್ನೊಂದು, ಇಸಿಯಲ್ಲಿ ಕಾಣುವುದು ನೋಂದಣಿ ಆದ ವಹಿವಾಟು ಮಾತ್ರ. ನೋಂದಣಿ ಮಾಡಿಸದ ಅಗ್ರಿಮೆಂಟ್, ಬಾಯಿಮಾತಿನ ಪಾಲು ಯಾವುದೂ ಅಲ್ಲಿ ಬರುವುದಿಲ್ಲ. ಕೋರ್ಟ್ ಕೇಸ್ ಇದೆಯಾ ಅಂತ ಇ-ಕೋರ್ಟ್ಸ್ ತಾಣದಲ್ಲಿ ಮಾರುವವರ ಹೆಸರು ಹಾಕಿ ಹುಡುಕಿ. ಅವರ ತಂದೆಯ ಹೆಸರಿನಲ್ಲೂ ಹುಡುಕಿ.

ಧಾರವಾಡ ಕಡೆಯವರು:
ನಮ್ಮ ಕಡೆ ಪಹಣಿಗೆ ಉತಾರ ಅಂತೀವಿ. ಮೇಲಿನವರು ಹೇಳಿದ್ದೆಲ್ಲ ಸರಿ, ಹೊಲದ ಹದ್ದಿನ, ಅಂದರೆ ಗಡಿಯ ಬಗ್ಗೆ ನಾನು ಸೇರಿಸುತ್ತೇನೆ. ದಿಶಾಂಕ್ ಆ್ಯಪ್ ಹಾಕಿಕೊಂಡು ಹೊಲದಲ್ಲಿ ನಿಂತರೆ ನೀವು ಯಾವ ಸರ್ವೆ ನಂಬರಿನಲ್ಲಿ ನಿಂತಿದ್ದೀರಿ ಅಂತ ತೋರಿಸುತ್ತದೆ. ನಮ್ಮ ಕಾಕಾಗೆ ಒಂದು ಹೊಲ ತೋರಿಸಿ, ಇನ್ನೊಂದರ ಉತಾರ ಕೊಟ್ಟಿದ್ದರು. ಆ್ಯಪ್ ತೆರೆದು ನಿಂತ ಮೇಲೆ ಗೊತ್ತಾಯಿತು. ಆದರೆ ಬದು ಎಲ್ಲಿ ಅನ್ನುವ ಜಗಳಕ್ಕೆ ಆ್ಯಪ್ ನಂಬಬೇಡಿ. ಅದಕ್ಕೆ ಹದ್ದುಬಸ್ತಿಗೆ ಅರ್ಜಿ ಕೊಟ್ಟು ಸರ್ವೆಯವರಿಂದಲೇ ಅಳತೆ ಮಾಡಿಸಿ. ಒಂದೇ ಸರ್ವೆ ನಂಬರಿನ ಸ್ವಲ್ಪ ಭಾಗ ಮಾತ್ರ ಕೊಳ್ಳುವುದಾದರೆ 11ಇ ನಕ್ಷೆ (ಮಾರುವ ಭಾಗವನ್ನು ಅಳೆದು ಸರ್ವೆಯವರು ಕೊಡುವ ನಕ್ಷೆ) ಬೇಕೇ ಬೇಕು.

ಮಂಜೂರಾದ ಜಮೀನಾದರೆ ಇನ್ನೂ ಎಚ್ಚರ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಕೊಟ್ಟ ಭೂಮಿಯನ್ನು ಸರ್ಕಾರದ ಅನುಮತಿ ಇಲ್ಲದೆ ಮಾರುವಂತಿಲ್ಲ. 1978ರ ಪಿಟಿಸಿಎಲ್ ಕಾಯ್ದೆ ಹಾಗೆ ಹೇಳುತ್ತದೆ. ಕೊಂಡು ಎಷ್ಟೋ ವರ್ಷ ಆದ ಮೇಲೂ ಜಮೀನು ಮೂಲ ಮಂಜೂರುದಾರರ ಕುಟುಂಬಕ್ಕೆ ವಾಪಸ್ ಹೋಗಬಹುದು. ಅವರ ಹಕ್ಕು ಅದು.

ಕೊಳ್ಳಲು ಹೊರಟವರು:
ಇಬ್ಬರಿಗೂ ತುಂಬಾ ಧನ್ಯವಾದ. ನಿನ್ನೆ ರಾತ್ರಿ ಕೂತು ಎಲ್ಲ ತೆಗೆದೆವು. ಸಾಲ ಇಲ್ಲ, ಬಿ ಖರಾಬು ಇಲ್ಲ. 10ನೇ ಕಾಲಂನಲ್ಲಿ "ಪೌತಿ" ಅಂತಿದೆ. ತಂದೆ ತೀರಿಕೊಂಡ ಮೇಲೆ ಅಣ್ಣತಮ್ಮ ಇಬ್ಬರ ಹೆಸರಿಗೆ ಬಂದು, ಆಮೇಲೆ ವಿಭಾಗ ಆಗಿದೆ. ಊರಲ್ಲಿ ವಿಚಾರಿಸಿದರೆ ಅವರಿಗೆ ಮದುವೆಯಾದ ಇಬ್ಬರು ತಂಗಿಯರಿದ್ದಾರಂತೆ. ಎಂಆರ್‌ನಲ್ಲಿ ಅವರ ಹೆಸರೇ ಇಲ್ಲ. ಇದು ತೊಂದರೆನಾ?

ಹೋದ ವರ್ಷ ಕೊಂಡವರು:
ಹೌದು, ದೊಡ್ಡದೇ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ತಿದ್ದುಪಡಿ ಬಂದ ಮೇಲೆ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಹಕ್ಕು. ಪಹಣಿಯಲ್ಲಿ ಹೆಸರಿಲ್ಲ ಅಂದ ಮಾತ್ರಕ್ಕೆ ಆ ಹಕ್ಕು ಹೋಗುವುದಿಲ್ಲ. ಮೊದಲು ವಂಶವೃಕ್ಷ ಕೇಳಿ, ಅದರಲ್ಲಿ ತಂಗಿಯರ ಹೆಸರಿದೆಯಾ ನೋಡಿ. ಅವರು ಹಿಂದೆ ನೋಂದಾಯಿತ ಹಕ್ಕು ಬಿಡುಗಡೆ ಪತ್ರ ಮಾಡಿಕೊಟ್ಟಿದ್ದರೆ ಇಸಿಯಲ್ಲಿ ಸಿಗುತ್ತದೆ. ಇಲ್ಲದಿದ್ದರೆ ಇಬ್ಬರೂ ಕ್ರಯಪತ್ರಕ್ಕೆ ಸಹಿ ಹಾಕಬೇಕು, ಅವರಿಗೆ ಸೇರಬೇಕಾದ ದುಡ್ಡು ಅವರ ಖಾತೆಗೇ ಹೋಗಬೇಕು. ನಾವು ಕೊಂಡಾಗ ಮಾರುವವರ ಅಕ್ಕನ ಮನೆಗೆ ನಾವೇ ಹೋಗಿ ಮಾತಾಡಿದ್ದೆವು. ಅವರಿಗೆ ಜಮೀನು ಮಾರುತ್ತಿರುವ ವಿಷಯವೇ ಗೊತ್ತಿರಲಿಲ್ಲ. ನೀವೂ ಹೋಗಿ ಬನ್ನಿ. ಮುಂಗಡದ ಮಾತು ಅದಾದ ಮೇಲೆ.