ಬೆನ್ನ ಹಿಂದಿನವನಿಗೆ ಕತ್ತಿ: ‘ಉಶಿರೊ’ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ನಾನು ಜಪಾನಿನ ಇಯಾಯಿದೊ ಕಲಿಯುತ್ತಿದ್ದೇನೆ, ಅಂದರೆ ಒರೆಯಿಂದ ಕತ್ತಿ ಹಿರಿಯುವ ವಿದ್ಯೆ. ಪಾಠಗಳನ್ನು ಕನ್ನಡದಲ್ಲಿ ಬರೆದಿಡೋಣ ಅಂತ ಹೊರಟು ಎರಡನೆಯದರಲ್ಲೇ ಸಿಕ್ಕಿಹಾಕಿಕೊಂಡೆ. ಅಖಿಲ ಜಪಾನ್ ಕೆಂಡೊ (ಜಪಾನಿ ಕತ್ತಿವರಸೆ) ಒಕ್ಕೂಟ 1969ರಲ್ಲಿ 7 ಪಾಠ ಗೊತ್ತುಮಾಡಿತ್ತು, ಈಗ 12 ಇವೆ. ಮೊದಲನೆಯದು ‘ಮಾಎ’ ಅಂದರೆ ಮುಂದೆ, ಎರಡನೆಯದು ‘ಉಶಿರೊ’ ಅಂದರೆ ಹಿಂದೆ. ಗುರುಗಳು ಮೊದಲ ಸಲ ಹೇಳಿದಾಗ ನನಗೆ ಉಸಿರು ಅಂತಲೇ ಕೇಳಿಸಿ, ಜೋರಾಗಿ ಉಸಿರೆಳೆದುಕೊಂಡು ಕೂತೆ!

ವರಸೆ ಹೀಗಿದೆ. ಮಂಡಿಯೂರಿ ಕೂತಿರುತ್ತೇವೆ, ಬೆನ್ನ ಹಿಂದೆ ಇನ್ನೊಬ್ಬ ಕೂತಿರುತ್ತಾನೆ. ಅವನು ಮೇಲೆ ಬೀಳಲಿದ್ದಾನೆ ಅನ್ನಿಸಿದ ಕೂಡಲೆ ಬಲಮಂಡಿಯ ಮೇಲೆ ಎಡಕ್ಕೆ ಪೂರ್ತಿ ತಿರುಗಿ, ಎಡಗಾಲು ಮುಂದಿಟ್ಟು, ಕತ್ತಿ ಹಿರಿಯುತ್ತಲೇ ಅವನ ಕಣತಲೆಗೆ ಅಡ್ಡ ಬೀಸಬೇಕು, ಆಮೇಲೆ ಕತ್ತಿ ಎತ್ತಿ ನೆತ್ತಿಯಿಂದ ಕೆಳಕ್ಕೆ. ಹಿಂದೆ ಕೂತವನನ್ನು ‘ಎದುರಾಳಿ’ ಅಂತ ಬರೆದು ನಾನೇ ನಕ್ಕೆ. ತಿರುಗಿದ ಮೇಲೇ ತಾನೆ ಅವನು ಎದುರಾಳಿ?

ಮೊದಲು ‘ಬೆಂಗಾವಲು’ ಹೊಳೆಯಿತು. ಬೆನ್ + ಕಾವಲು, ಬೆಂಬಲದ ಹಾಗೆ. ಆದರೆ ಅಲ್ಲಿ ನಮ್ಮ ಬೆನ್ನು ಕಾಯುವವರು ಬೇರೆಯವರು, ಮತ್ತೆ ಈಗ ಆ ಪದ ಕೇಳಿದರೆ ಮಂತ್ರಿಗಳ ಕಾರಿನ ಹಿಂದುಮುಂದಿನ ಜೀಪುಗಳೇ ಕಣ್ಣಿಗೆ ಬರುತ್ತವೆ. ‘ತಿರುಗೇಟು’ ಆಸೆ ಹುಟ್ಟಿಸಿತು, ತಿರುಗಿಯೇ ಏಟು ಕೊಡುವುದಲ್ವಾ. ಆದರೆ ತಿರುಗೇಟಿಗೆ ಮೊದಲು ಒಂದು ಏಟು ಬಿದ್ದಿರಬೇಕು, ಇಲ್ಲಿ ಆ ಪಾಪದವನು ಇನ್ನೂ ಕತ್ತಿಯನ್ನೇ ಎಳೆದಿಲ್ಲ. ‘ಹಿಂಬದಿ’ ಅಂದರೆ ಸವಾರನ ಹೆಲ್ಮೆಟ್ ನೆನಪಾಗುತ್ತದೆ.

ಜಪಾನಿಯಲ್ಲಿ ಹೆಸರು ದಾಳಿಯ ಮಾತೇ ಆಡುವುದಿಲ್ಲ, ಅವನು ಎಲ್ಲಿದ್ದಾನೆ ಅನ್ನುವುದನ್ನಷ್ಟೇ ಹೇಳುತ್ತದೆ. ಹಾಗಾಗಿ ಸುಮ್ನೆ ‘ಮುಂದೆ’, ‘ಹಿಂದೆ’ ಅಂತ ಇಡೋಣ ಅಂದುಕೊಂಡೆ. ತೊಡಕು ಅಲ್ಲೇ ಶುರು. “ಹಿಂದೆ ಮಾಡಿದ್ದೇವೆ, ಮುಂದೆ ಮಾಡೋಣ” ಅಂತ ಬರೆದರೆ ಓದುವವರಿಗೆ ಕಾಲದ ಮಾತಾಗುತ್ತದೆ. ಜಪಾನಿಯ ‘ಮಾಎ’ಗೂ ಕಾಲದ ಅರ್ಥ ಇದೆ, ಆದರೆ ಅದು ‘ಮೊದಲು’. ನಮ್ಮ ‘ಮುಂದೆ’ಗೆ ಸರಿಯಾಗಿ ಉಲ್ಟಾ!

ಸದ್ಯಕ್ಕೆ ‘ಎದುರು’, ‘ಬೆನ್ನ ಕಡೆ’ ಅಂತ ಬರೆದಿದ್ದೇನೆ. ಇದಕ್ಕಿಂತ ಚುಟುಕಾದದ್ದು ಇದೆಯಾ? ಗರಡಿಯಲ್ಲೋ ಕತ್ತಿವರಸೆಯಲ್ಲೋ ಪಳಗಿದವರು ಹಿಂದಿರುವವನ ಕಡೆ ತಿರುಗುವುದಕ್ಕೆ ಏನನ್ನುತ್ತೀರಿ? ಇನ್ನೊಂದು, ಕತ್ತಿ ‘ಹಿರಿ’ ಅನ್ನುವ ಮಾತು ನಿಮ್ಮ ಕಡೆ ಈಗಲೂ ಬಾಯಲ್ಲಿದೆಯಾ, ಅಥವಾ ಎಲ್ಲರೂ ‘ಎಳೆ’ ಅಂತಲೇ ಅನ್ನುತ್ತೀರಾ?