ಮಾಳಿಗೆ ಮೇಲಿನ ಡ್ರಮ್ಮಿನಲ್ಲಿ ಚೆರ್ರಿ ಸಿಗಡಿ: ಬೇಸಿಗೆ ಬಂತು, ತತ್ತಿ ಉದುರ್ತಾವ

ಪ್ರಶ್ನೆ (ರಾಯಚೂರು_ತೊಟ್ಟಿ):
200 ಲೀಟರ್ ನೀಲಿ ಡ್ರಮ್ ಅರ್ಧಕ್ಕೆ ಕೊಯ್ದು ಮಾಳಿಗೆ ಮ್ಯಾಲೆ ಇಟ್ಟೀನ್ರಿ, ಅದರಾಗ ಚೆರ್ರಿ (ಅಂದಕ್ಕೆ ಸಾಕೋ ಸಣ್ಣ ಕೆಂಪು ಸಿಗಡಿ) ಅದಾವ. ಚಳಿಗಾಲದಾಗ ಮರಿ ಚಲೋ ಆಗಿದ್ವು. ಈಗ ತತ್ತಿ ಉದುರ್ತಾವ, ದೊಡ್ಡವೂ ಸಾಯ್ತಾವ. ಮಧ್ಯಾಹ್ನ ನೀರು 34 ಡಿಗ್ರಿ, ಬೋರ್ ನೀರಿನ ಟಿಡಿಎಸ್ (ಕರಗಿದ ಉಪ್ಪಿನಂಶ, ಲೀಟರಿಗೆ ಮಿ.ಗ್ರಾಂ) 900. ಇದರಾಗ ತಿನ್ನೋ ದೊಡ್ಡ ಸಿಗಡಿ ಮರಿ ಮಾಡಿಸಬಹುದಾ?

ಉತ್ತರ 1 (ಸಿಂಧನೂರು_ಅಕ್ವಾ):
ಮೊದಲು ಡ್ರಮ್ ಕೆಳಗಿಳಿಸ್ರಿ. ಚೆರ್ರಿಗೆ 20ರಿಂದ 26 ಡಿಗ್ರಿ ಹಿತ, 32 ದಾಟಿದರೆ ಸಾವು ಶುರು. ನೀರು ಕಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ, ಸಿಗಡಿಗೆ ಬೇಕಾಗೋದು ಮಾತ್ರ ಜಾಸ್ತಿ. ನೂರು ಲೀಟರ್ ನಮ್ಮ ಬಿಸಿಲಿಗೆ ಏನೂ ಅಲ್ಲ. 500 ಲೀಟರ್ ಟ್ಯಾಂಕ್ ತಗೊಂಡು ಬೇವಿನ ನೆರಳಿನಲ್ಲಿ ಎರಡು ಅಡಿ ನೆಲದೊಳಗೆ ಹೂಳ್ರಿ. 75% ಶೇಡ್ ನೆಟ್ಟನ್ನು ಬಾಯಿಗೆ ತಾಗಿಸದೆ ಒಂದು ಅಡಿ ಮೇಲೆ ಕಟ್ರಿ, ಗಾಳಿ ಆಡಬೇಕು. ಹೊರಗೆ ಕಾಣೋ ಗೋಡೆಗೆ ಹಸಿ ಗೋಣಿಚೀಲ ಸುತ್ತಿದರೆ ಏಪ್ರಿಲ್‌ನ ಒಣ ಗಾಳಿಗೆ ಚೆನ್ನಾಗಿ ತಣ್ಣಗಾಗುತ್ತೆ. ಐಸ್ ಮಾತ್ರ ಬ್ಯಾಡ, ಒಮ್ಮೆಲೇ ಇಳಿದ ಬಿಸಿಯೂ ಕೊಲ್ಲುತ್ತೆ. ಸ್ಪಂಜ್ ಫಿಲ್ಟರ್ (ಏರ್ ಪಂಪಿನಿಂದ ನಡೆದು ನೀರು ಸೋಸೋದು) ರಾತ್ರಿ ನಿಲ್ಲಬಾರದು: ಕತ್ತಲಲ್ಲಿ ಗಿಡ, ಪಾಚಿಯೂ ಆಮ್ಲಜನಕ ಎಳೀತಾವೆ, ಬೆಳಗಿನ ಜಾವ ಅಪಾಯ. ಕರೆಂಟ್ ನಂಬದೆ ಬ್ಯಾಟರಿ ಏರ್ ಪಂಪ್ ಇಡ್ರಿ.

ಉತ್ತರ 2 (ಗಂಗಾವತಿ_ಪಾಚಿ):
ಬಿಸಿ ಒಂದೇ ಅಲ್ಲ, 900 ಟಿಡಿಎಸ್ಸೂ ತಪ್ಪು. ಒಂದು ಪಾಲು ಬೋರ್, ಮೂರು ಪಾಲು ಆರ್‌ಓ (ಯಂತ್ರದಲ್ಲಿ ಉಪ್ಪು ಸೋಸಿ ತೆಗೆದ) ನೀರು ಅಥವಾ ಮಳೆ ನೀರು ಬೆರೆಸಿದರೆ 240ರ ಆಸುಪಾಸು ಬರುತ್ತೆ, ಅಷ್ಟು ಸಾಕು. ಆವಿಯಾದ ಜಾಗಕ್ಕೆ ಬರೀ ಆರ್‌ಓ ಹಾಕಿ: ನೀರು ಹಾರಿದರೂ ಉಪ್ಪು ಒಳಗೇ ಉಳಿಯುತ್ತೆ. ವಾರಕ್ಕೆ 10% ಬದಲಾವಣೆ ಸಾಕು. ಒಮ್ಮೆಲೇ ಅರ್ಧ ನೀರು ಬದಲಿಸಿದರೆ ತತ್ತಿ ಹೊತ್ತ ಹೆಣ್ಣು ಅಕಾಲದಲ್ಲಿ ಪೊರೆ ಬಿಡುತ್ತೆ, ತತ್ತಿ ಪೊರೆಯ ಜೊತೆಗೇ ಹೋಗುತ್ತೆ. ಒಂದು ಹೆಣ್ಣು ಹೊರೋದು 20–30 ತತ್ತಿ, ಮರಿಯಾಗಲು ಮೂರ್ನಾಲ್ಕು ವಾರ. ಕಾಲುವೆ ನೀರು ಬೇಡವೇ ಬೇಡ. ಭತ್ತದ ಗದ್ದೆಯ ಕೀಟನಾಶಕ ಮೀನಿಗೆ ಏನೂ ಮಾಡದಿದ್ದರೂ ಸಿಗಡಿಗೆ ವಿಷ. ತಾಮ್ರ ಇರುವ ಪಾಚಿ ಔಷಧಿಯೂ ಹಾಗೇ.

ಉತ್ತರ 3 (ಕೊಪ್ಪಳ_ಕೆರೆ):
ಸೊಳ್ಳೆ ಪರದೆ ಬಿಗಿಯಾಗಿ ಹಾಕಿ. ಏರೋಪ್ಲೇನ್ ಚಿಟ್ಟೆ ಇಟ್ಟ ತತ್ತಿಯ ಹುಳ ತೊಟ್ಟಿ ತಳದಲ್ಲೇ ಕೂತು ಮರಿಗಳನ್ನೆಲ್ಲ ಹಿಡಿದು ತಿನ್ನುತ್ತೆ. ಸೊಳ್ಳೆಗೆಂದು ಗಪ್ಪಿ ಬಿಡಬೇಡಿ, ಅವೂ ಮರಿ ನುಂಗ್ತಾವೆ. ಜಾವಾ ಮಾಸ್ (ನೀರಲ್ಲಿ ಬೆಳೆಯೋ ಹಾವಸೆ ಗಿಡ) ದಟ್ಟವಾಗಿರಲಿ, ಎರಡು ಒಣ ಕಾಡು ಬಾದಾಮಿ ಎಲೆ ಹಾಕಿ.
ತಿನ್ನೋ ಸಿಹಿನೀರಿನ ದೊಡ್ಡ ಸಿಗಡಿ (ಸ್ಕ್ಯಾಂಪಿ) ಬೇರೆಯೇ ಲೆಕ್ಕ. ಅದರ ಎಳೆಮರಿಗೆ ಲೀಟರಿಗೆ 12–15 ಗ್ರಾಂ ಉಪ್ಪಿರುವ ನೀರು ಬೇಕು. ಸಿಹಿನೀರಲ್ಲಿ ತತ್ತಿ ಒಡೆದರೂ ಉಳಿಯಲ್ಲ, ದೊಡ್ಡವು ಚೆರ್ರಿಯನ್ನೇ ತಿಂತಾವೆ.

ರಾಯಚೂರು_ತೊಟ್ಟಿ:
ಹಳೆ ಡ್ರಮ್ಮಿನಿಂದ ಹೊಸ ನೀರಿಗೆ ಹೆಂಗ್ ಬಿಡಲಿ?

ಗಂಗಾವತಿ_ಪಾಚಿ:
ಬಕೆಟ್‌ನಲ್ಲಿ ಹಳೆ ನೀರಿನೊಂದಿಗೇ ಇಡಿ. ಏರ್ ಪೈಪಿಗೆ ಗಂಟು ಹಾಕಿ ಸೆಕೆಂಡಿಗೆ ಎರಡು ಹನಿ ಹೊಸ ನೀರು ಬೀಳಲಿ, ಎರಡು–ಮೂರು ಗಂಟೆ. ಟಿಡಿಎಸ್ ಇನ್ನೂ ದೂರ ಇದ್ದರೆ ಅವಸರ ಬೇಡ, ಮುಂದುವರಿಸಿ. ಸಂಜೆ ಹೊತ್ತಿಗೆ ಮಾಡಿ.