ಹಳೇ ಕಂಪ್ಯೂಟರ್ ಇ-ವೇಸ್ಟ್‌ಗೆ ಕೊಡಬೇಕು, ಅಪ್ಪನ ಫೋಟೋಗಳು ಹೋಗದ ಹಾಗೆ ಏನು ಮಾಡಲಿ?

ಬೆಣ್ಣೆದೋಸೆ

ಎಲ್ಲರಿಗೂ ನಮಸ್ಕಾರ. ದಾವಣಗೆರೆ ಮನೆಯಲ್ಲಿ 2013ರಲ್ಲಿ ಅಸೆಂಬಲ್ ಮಾಡಿಸಿದ ಡೆಸ್ಕ್‌ಟಾಪ್ ಇದೆ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು, ವಿಂಡೋಸ್ 11 ಇದರ ಪ್ರೊಸೆಸರ್‌ಗೆ ಆಗುವುದಿಲ್ಲ. ಅದು ಹೇಗೋ ನಡೆಯುತ್ತಿತ್ತು, ಆದರೆ ಈಗ ಅರ್ಧ ಗಂಟೆಗೊಮ್ಮೆ ತಾನಾಗಿಯೇ ಆಫ್ ಆಗುತ್ತದೆ. ರಿಪೇರಿಯವರು ಕ್ಯಾಬಿನೆಟ್ ಬಿಚ್ಚಿ ಮದರ್‌ಬೋರ್ಡ್ ಮೇಲೆ ತಲೆ ಉಬ್ಬಿದ ಕೆಪಾಸಿಟರ್‌ಗಳನ್ನು ತೋರಿಸಿ, ಇನ್ನು ಇದಕ್ಕೆ ದುಡ್ಡು ಹಾಕಬೇಡಿ ಅಂದರು. ಹಾಗಾಗಿ ಇ-ವೇಸ್ಟ್‌ಗೆ ಕೊಡುವುದು ಅಂತ ತೀರ್ಮಾನ.

ನನ್ನ ಚಿಂತೆ ಅಪ್ಪನ ಫೋಟೋಗಳದ್ದು. ಅಪ್ಪ ಹೈಸ್ಕೂಲ್ ಮೇಷ್ಟ್ರು. ರಿಟೈರ್ ಆದ ಮೇಲೆ ಟ್ರಂಕಿನಲ್ಲಿದ್ದ ಕಪ್ಪು-ಬಿಳುಪು ಫೋಟೋಗಳನ್ನು ದಿನಾ ಸಂಜೆ ನಾಲ್ಕೈದರಂತೆ ಸ್ಕ್ಯಾನ್ ಮಾಡಿದರು, ಯಾವ ಫೋಟೋದಲ್ಲಿ ಯಾರಿದ್ದಾರೆ ಅಂತ ಒಂದು ವರ್ಡ್ ಫೈಲ್‌ನಲ್ಲಿ ಟೈಪ್ ಮಾಡಿಟ್ಟರು. ಅವರು ಈಗ ಇಲ್ಲ. ಎಲ್ಲವೂ ಒನ್‌ಡ್ರೈವ್‌ಗೆ (ಇಂಟರ್ನೆಟ್‌ನಲ್ಲಿ ಫೈಲ್ ಇಡುವ ಮೈಕ್ರೋಸಾಫ್ಟ್‌ನ ಕ್ಲೌಡ್) ಸಿಂಕ್ ಆಗಿದೆ, ಮಗಳ ಫ್ಯಾಮಿಲಿ ಪ್ಲಾನ್‌ನಲ್ಲಿ ನನ್ನ ಪಾಲಿಗೆ ಬಂದಿರುವ 1 ಟಿಬಿ ಜಾಗದಲ್ಲಿದೆ. ಕ್ಲೌಡ್‌ನಲ್ಲಿ ಇದೆಯಲ್ಲ, ಕಂಪ್ಯೂಟರ್ ಖಾಲಿ ಮಾಡೋಣ ಅಂತ ಮೊನ್ನೆ ಒಂದು ಫೋಲ್ಡರ್ ಡಿಲೀಟ್ ಮಾಡಿದೆ. ಸಂಜೆ ನೋಡಿದರೆ ನನ್ನ ಮೊಬೈಲ್‌ನಲ್ಲೂ ಅದು ಇಲ್ಲ! ಅಲ್ಲಿಗೇ ಕೈ ನಿಲ್ಲಿಸಿದ್ದೇನೆ. ಇನ್ನೊಂದು ವಿಷಯ: ಫೋಲ್ಡರ್‌ನ ಪ್ರಾಪರ್ಟೀಸ್ ತೆಗೆದರೆ ಸೈಜ್ 62 ಜಿಬಿ ಅಂತಲೂ ಅದರ ಕೆಳಗೆ ಸೈಜ್ ಆನ್ ಡಿಸ್ಕ್ 9 ಜಿಬಿ ಅಂತಲೂ ತೋರಿಸುತ್ತದೆ. ಮಿಕ್ಕ 53 ಜಿಬಿ ಎಲ್ಲಿ ಹೋಯಿತು?

ತುಂಗಾತೀರ

ಮೇಡಂ, ಮೊದಲು ಅಳಿಸಿದ್ದನ್ನು ವಾಪಸ್ ತಗೊಳ್ಳಿ, ಉಳಿದದ್ದು ಆಮೇಲೆ. ಮೊಬೈಲ್ ಆ್ಯಪ್ ಬೇಡ, ಬ್ರೌಸರ್‌ನಲ್ಲಿ ಒನ್‌ಡ್ರೈವ್ ವೆಬ್‌ಸೈಟ್‌ಗೆ ಲಾಗಿನ್ ಆಗಿ, ಎಡಗಡೆ ರೀಸೈಕಲ್ ಬಿನ್ ಇರುತ್ತದೆ. ಮನೆಬಳಕೆಯ ಅಕೌಂಟ್‌ನಲ್ಲಿ ಅಳಿಸಿದ ಫೈಲ್ ಅಲ್ಲಿ 30 ದಿನ ಇರುತ್ತದೆ. ಫೋಲ್ಡರ್ ಆರಿಸಿ ರೀಸ್ಟೋರ್ ಕೊಡಿ. ಇವತ್ತೇ ಮಾಡಿ.

ಬೆಣ್ಣೆದೋಸೆ

ಸಿಕ್ಕಿತು! ಪೂರ್ತಿ ಫೋಲ್ಡರ್ ವಾಪಸ್ ಬಂತು. ತುಂಬಾ ಥ್ಯಾಂಕ್ಸ್ ಸಾರ್, ಎರಡು ದಿನದಿಂದ ಸರಿಯಾಗಿ ನಿದ್ದೆ ಇರಲಿಲ್ಲ.

ಹಳೇಹಾರ್ಡ್‌ಡಿಸ್ಕ್

ಸಿಕ್ಕಿದ್ದು ಒಳ್ಳೆಯದಾಯಿತು. ಈಗ ಆ 53 ಜಿಬಿ ವಿಷಯ, ಇದನ್ನು ಅರ್ಥ ಮಾಡಿಕೊಂಡರೆ ಉಳಿದದ್ದೆಲ್ಲ ಸುಲಭ.

ಆ ಫೋಟೋಗಳು ನಿಮ್ಮ ಕಂಪ್ಯೂಟರ್‌ನಲ್ಲಿ ಇಲ್ಲವೇ ಇಲ್ಲ. ಫೈಲ್ ಹೆಸರಿನ ಪಕ್ಕ ನೀಲಿ ಮೋಡದ ಗುರುತು ಇದ್ದರೆ ಅದು ಕ್ಲೌಡ್‌ನಲ್ಲಿ ಮಾತ್ರ ಇದೆ, ಇಲ್ಲಿ ಬರೀ ಹೆಸರು ಮತ್ತು ಪುಟ್ಟ ಚಿತ್ರ. ಹಸಿರು ಟಿಕ್ ಇದ್ದರೆ ಮಾತ್ರ ಫೈಲ್ ನಿಜವಾಗಿ ಇಲ್ಲೂ ಇದೆ ಅಂತ. ಜನ ಈ ಫೋಲ್ಡರ್ ನೋಡಿ ಕಂಪ್ಯೂಟರ್‌ನಲ್ಲಿ ಒಂದು ಕಾಪಿ, ಕ್ಲೌಡ್‌ನಲ್ಲಿ ಒಂದು ಕಾಪಿ ಅಂತ ಎರಡು ಲೆಕ್ಕ ಹಾಕುತ್ತಾರೆ, ಇರುವುದು ಒಂದೇ. ಸಿಂಕ್ ಅಂದರೆ ಕನ್ನಡಿ ಇದ್ದ ಹಾಗೆ, ಇಲ್ಲಿ ಅಳಿಸಿದರೆ ಅಲ್ಲೂ ಅಳಿಯುತ್ತದೆ. ಇನ್ನೊಂದು ಮಾತೂ ಗೊತ್ತಿರಲಿ: ಡಿಸ್ಕನ್ನು ಫಾರ್ಮ್ಯಾಟ್ ಮಾಡಿದರೆ ಕ್ಲೌಡ್‌ನಲ್ಲಿರುವುದು ಹೋಗುವುದಿಲ್ಲ, ಯಾಕೆಂದರೆ ಸಿಂಕ್ ಮಾಡುವ ಪ್ರೋಗ್ರಾಮೇ ಆಗ ಇರುವುದಿಲ್ಲ. ಕೂತು ಒಂದೊಂದೇ ಫೋಲ್ಡರ್ ಡಿಲೀಟ್ ಮಾಡುವುದೇ ಅಪಾಯ.

ಹಾಗಾಗಿ ಮೊದಲ ಕೆಲಸ, ಹಳೇ ಕಂಪ್ಯೂಟರ್‌ನ ಸಂಬಂಧ ಕಡಿಯುವುದು. ಕೆಳಗೆ ಗಡಿಯಾರದ ಹತ್ತಿರ ಮೋಡದ ಐಕಾನ್ ಒತ್ತಿ, ಸೆಟ್ಟಿಂಗ್ಸ್‌ಗೆ ಹೋಗಿ, ಅಕೌಂಟ್‌ನಲ್ಲಿ 'ಅನ್‌ಲಿಂಕ್ ದಿಸ್ ಪಿಸಿ' ಕೊಡಿ. ಕ್ಲೌಡ್‌ನಲ್ಲಿರುವ ಯಾವುದೂ ಹೋಗುವುದಿಲ್ಲ. ಇಲ್ಲಿ ಡೌನ್‌ಲೋಡ್ ಆಗಿರುವ 9 ಜಿಬಿ ಇಲ್ಲೇ ಇರುತ್ತದೆ, ಮೋಡದ ಗುರುತಿನವು ಮಾತ್ರ ಈ ಕಂಪ್ಯೂಟರ್‌ನಲ್ಲಿ ಕಾಣುವುದು ನಿಲ್ಲುತ್ತದೆ. ಗಾಬರಿಯಾಗಬೇಡಿ.

ಅರ್ಧ ಗಂಟೆಗೊಮ್ಮೆ ಆಫ್ ಆಗುವ ಮಷೀನ್‌ನಲ್ಲಿ 62 ಜಿಬಿ ಇಳಿಸಲು ಹೋಗಲೇಬೇಡಿ. ಹೊಸ ಲ್ಯಾಪ್‌ಟಾಪ್ ಇದ್ದರೆ ಅದರಲ್ಲಿ ಅದೇ ಅಕೌಂಟ್ ಹಾಕಿ, ಫೋಟೋ ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ 'ಆಲ್ವೇಸ್ ಕೀಪ್ ಆನ್ ದಿಸ್ ಡಿವೈಸ್' ಕೊಟ್ಟು ಬಿಡಿ. ರಾತ್ರಿಯೆಲ್ಲ ಇಳಿಯಲಿ. ಎಲ್ಲ ಫೋಲ್ಡರ್‌ಗೂ ತುಂಬಿದ ಹಸಿರು ವೃತ್ತದಲ್ಲಿ ಬಿಳಿ ಟಿಕ್ ಬಂದ ಮೇಲೆ ಒಂದು ಎಕ್ಸ್‌ಟರ್ನಲ್ ಡಿಸ್ಕ್‌ಗೆ ಕಾಪಿ ಮಾಡಿ. ಕಟ್ ಪೇಸ್ಟ್ ಅಲ್ಲ, ಕಾಪಿ! ಕಟ್ ಮಾಡಿದರೆ ಮತ್ತೆ ಮೊನ್ನೆಯ ಕಥೆಯೇ. ಕಾಪಿ ಆದ ಮೇಲೆ ಎರಡೂ ಕಡೆ ಪ್ರಾಪರ್ಟೀಸ್ ತೆಗೆದು ಎಷ್ಟು ಫೈಲ್ ಅಂತ ತಾಳೆ ನೋಡಿ. ಡಿಸ್ಕನ್ನು ಲ್ಯಾಪ್‌ಟಾಪ್‌ನಿಂದ ತೆಗೆದು ಬೇರೆ ಕಂಪ್ಯೂಟರ್‌ಗೆ ಹಾಕಿ ಹತ್ತು ಫೋಟೋ ದೊಡ್ಡದು ಮಾಡಿ ನೋಡಿ. ನಾನು ಇದನ್ನು ಯಾರಿಗೂ ಬಿಡಲು ಹೇಳುವುದಿಲ್ಲ.

ಇನ್ನು ಹಳೇ ಡಿಸ್ಕ್. ಒನ್‌ಡ್ರೈವ್ ಫೋಲ್ಡರ್‌ನ ಹೊರಗೆ ಏನೇನಿದೆ ಅಂತ ನೋಡಿದ್ದೀರಾ? ಡಿ ಡ್ರೈವ್‌ನಲ್ಲಿ 'ನ್ಯೂ ಫೋಲ್ಡರ್ 3' ಅಂತೆಲ್ಲ ಇರುತ್ತದಲ್ವಾ, ಅದ್ಯಾವುದೂ ಸಿಂಕ್ ಆಗಿರುವುದಿಲ್ಲ. ಕ್ಯಾಬಿನೆಟ್‌ನ ಪವರ್ ತೆಗೆದು, ಡಿಸ್ಕ್‌ನ ಎರಡು ಕೇಬಲ್ ಎಳೆದು, ನಾಲ್ಕು ಸ್ಕ್ರೂ ಬಿಚ್ಚಿದರೆ ಡಿಸ್ಕ್ ಕೈಗೆ ಬರುತ್ತದೆ. ಡೆಸ್ಕ್‌ಟಾಪ್‌ನದು 3.5 ಇಂಚಿನ ಡಿಸ್ಕ್, ಅದಕ್ಕೆ ಯುಎಸ್‌ಬಿ ಕೇಸಿಂಗ್ (ಡಿಸ್ಕನ್ನು ಒಳಗಿಟ್ಟು ಲ್ಯಾಪ್‌ಟಾಪ್‌ಗೆ ಜೋಡಿಸುವ ಡಬ್ಬಿ) ತಗೊಳ್ಳುವಾಗ ಬೇರೆ ಪವರ್ ಅಡಾಪ್ಟರ್ ಇರುವುದನ್ನೇ ಕೇಳಿ, ಚಿಕ್ಕದು ತಂದರೆ ತಿರುಗುವುದಿಲ್ಲ. ಲ್ಯಾಪ್‌ಟಾಪ್‌ಗೆ ಹಾಕಿದಾಗ ನಿಮ್ಮ ಹಳೇ ಯೂಸರ್ ಫೋಲ್ಡರ್‌ಗೆ ಅನುಮತಿ ಇಲ್ಲ ಅನ್ನುತ್ತದೆ, ಕಂಟಿನ್ಯೂ ಒತ್ತಿ. ಆಮೇಲೆ ಜೆಪಿಜಿ ಅಂತ ಒಮ್ಮೆ, 3ಜಿಪಿ ಅಂತ ಒಮ್ಮೆ ಇಡೀ ಡಿಸ್ಕ್ ಹುಡುಕಿ. ಹಳೇ ಕೀಪ್ಯಾಡ್ ಮೊಬೈಲ್‌ಗಳ ವಿಡಿಯೋ 3ಜಿಪಿಯಲ್ಲೇ ಇರುತ್ತಿದ್ದದ್ದು.

ಕೀಲಿಮಣೆ

ಮೇಡಂ, ಆ ವರ್ಡ್ ಫೈಲ್ ಬಗ್ಗೆ ಯಾರೂ ಹೇಳಲಿಲ್ಲ, ಹಾಗಾಗಿ ಕೇಳುತ್ತಿದ್ದೇನೆ. ಅಪ್ಪ ಟೈಪ್ ಮಾಡಿದ್ದು ನುಡಿ ಸಾಫ್ಟ್‌ವೇರ್‌ನಲ್ಲಾ, ಬರಹ ಸಾಫ್ಟ್‌ವೇರ್‌ನಲ್ಲಾ? ಆ ಕಾಲದವರು ಹೆಚ್ಚಾಗಿ ಯೂನಿಕೋಡ್ (ಈಗ ಎಲ್ಲ ಕಂಪ್ಯೂಟರ್, ಮೊಬೈಲ್‌ಗಳೂ ಬಳಸುವ ಅಕ್ಷರ ಪದ್ಧತಿ) ಅಲ್ಲದ ಹಳೇ ಫಾಂಟ್‌ನಲ್ಲೇ ಟೈಪ್ ಮಾಡುತ್ತಿದ್ದರು. ಆ ಫಾಂಟ್ ಇಲ್ಲದ ಹೊಸ ಲ್ಯಾಪ್‌ಟಾಪ್‌ನಲ್ಲಿ ತೆಗೆದರೆ ಒಂದಕ್ಷರ ಕನ್ನಡ ಕಾಣುವುದಿಲ್ಲ, ಕೊಂಬು ಬಾಲ ಇರುವ ಇಂಗ್ಲಿಷ್ ಅಕ್ಷರಗಳು ಸಾಲು ಸಾಲಾಗಿ ಬರುತ್ತವೆ. ಫೈಲ್ ಹಾಳಾಗಿದೆ ಅಂತ ಎಸೆದುಬಿಟ್ಟವರನ್ನು ನೋಡಿದ್ದೇನೆ, ಸಂಕಟ ಆಗುತ್ತದೆ. ಹಳೇ ಕಂಪ್ಯೂಟರ್ ಇನ್ನೂ ಆನ್ ಆಗುತ್ತಿರುವಾಗಲೇ ಎರಡು ಕೆಲಸ ಮಾಡಿ. ವಿಂಡೋಸ್ ಒಳಗಿನ ಫಾಂಟ್ಸ್ ಫೋಲ್ಡರ್‌ನಿಂದ ಆ ಕನ್ನಡ ಫಾಂಟ್‌ಗಳನ್ನು ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ, ಮತ್ತೆ ಆ ಫೈಲನ್ನು ಪಿಡಿಎಫ್ ಮಾಡಿಟ್ಟುಕೊಳ್ಳಿ. ಯೂನಿಕೋಡ್‌ಗೆ ಬದಲಾಯಿಸುವ ಕನ್ವರ್ಟರ್‌ಗಳಿವೆ, ಅದನ್ನು ನಿಧಾನಕ್ಕೆ ಮಾಡಿ. ಮಾಡಿದಾಗ ಅರ್ಕಾವತ್ತು ಇರುವ ಪದಗಳನ್ನು ಪಿಡಿಎಫ್ ಜೊತೆ ಇಟ್ಟು ಓದಿ, ತಪ್ಪಾಗುವುದು ಅಲ್ಲೇ ಜಾಸ್ತಿ.

ತುಂಗಾತೀರ

ಕಂಪ್ಯೂಟರ್ ಎಲ್ಲಿ ಕೊಡುತ್ತೀರಿ ಅನ್ನುವುದೂ ಮುಖ್ಯ. ತಕ್ಕಡಿ ಹಿಡಿದು ಬರುವ ಗುಜರಿಯವರಿಗೆ ಕೊಡಬೇಡಿ ದಯವಿಟ್ಟು. ತಾಮ್ರಕ್ಕೆ ಅಂತ ವೈರ್ ಸುಡುತ್ತಾರೆ, ಚಿನ್ನಕ್ಕೆ ಅಂತ ಬೋರ್ಡನ್ನು ಆಸಿಡ್‌ಗೆ ಹಾಕುತ್ತಾರೆ, ಆ ಹೊಗೆ ಕುಡಿಯುವವರು ಅವರ ಮನೆ ಮಕ್ಕಳೇ. 2023ರ ಏಪ್ರಿಲ್ 1ರಿಂದ ಹೊಸ ಇ-ತ್ಯಾಜ್ಯ ನಿಯಮ ಜಾರಿಯಲ್ಲಿದೆ, ರೀಸೈಕಲ್ ಮಾಡುವವರು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ ನೋಂದಣಿ ಮಾಡಿಸಿರಬೇಕು. ತಗೊಳ್ಳುವವರನ್ನು ನೋಂದಣಿ ಇದೆಯಾ ಅಂತ ಬಾಯಿಬಿಟ್ಟು ಕೇಳಿ. ಬೆಂಗಳೂರಿಗೆ ಬರುವವರಾದರೆ ದಾಬಸ್‌ಪೇಟೆಯ ಇ-ಪರಿಸರದಂಥ ಹಳಬರಿದ್ದಾರೆ.

ಡಿಸ್ಕ್ ಕೊಡುವುದಾದರೆ ಅದೇ ಕೇಸಿಂಗ್‌ನಲ್ಲಿ ಹಾಕಿ ಫಾರ್ಮ್ಯಾಟ್ ಮಾಡುವಾಗ 'ಕ್ವಿಕ್ ಫಾರ್ಮ್ಯಾಟ್' ಟಿಕ್ ತೆಗೆಯಿರಿ. ಕ್ವಿಕ್‌ನಲ್ಲಿ ಪಟ್ಟಿ ಮಾತ್ರ ಅಳಿಯುತ್ತದೆ, ಫೋಟೋ ಬ್ಯಾಂಕ್ ಕಾಗದ ಎಲ್ಲ ಹಾಗೇ ಇರುತ್ತದೆ, ಉಚಿತ ಸಾಫ್ಟ್‌ವೇರ್‌ನಲ್ಲೇ ವಾಪಸ್ ತೆಗೆಯಬಹುದು. ಟಿಕ್ ತೆಗೆದರೆ ಇಡೀ ಡಿಸ್ಕ್ ಮೇಲೆ ಸೊನ್ನೆ ಬರೆಯುತ್ತದೆ. 500 ಜಿಬಿಗೆ ಕೆಲವು ಗಂಟೆ ಹಿಡಿಯುತ್ತದೆ, ಬಿಡಿ. ಎಸ್‌ಎಸ್‌ಡಿ (ತಿರುಗುವ ಭಾಗ ಇಲ್ಲದ ಹೊಸ ಥರದ ಡಿಸ್ಕ್) ಆದರೆ ವಿಧಾನ ಬೇರೆ, ನಿಮ್ಮದು ಅದಲ್ಲ.

ಹಳೇಹಾರ್ಡ್‌ಡಿಸ್ಕ್

ನನ್ನನ್ನು ಕೇಳಿದರೆ ಡಿಸ್ಕ್ ಕೊಡಲೇಬೇಡಿ. ಬಟ್ಟೆಯಲ್ಲಿ ಸುತ್ತಿ ಬೀರುವಿನಲ್ಲಿಡಿ, ಜಾಗ ಎಷ್ಟು ತಿನ್ನುತ್ತದೆ? ಅದೊಂದನ್ನೇ ನಂಬಬೇಡಿ ಅಷ್ಟೇ, ಓಡಿಸದೆ ಇಟ್ಟ ಡಿಸ್ಕ್ ಒಂದು ದಿನ ತಿರುಗದೆ ಹೋಗಬಹುದು.

ಬೆಣ್ಣೆದೋಸೆ

ಎಲ್ಲರಿಗೂ ಅಪ್‌ಡೇಟ್. ಅನ್‌ಲಿಂಕ್ ಆಯಿತು. ಲ್ಯಾಪ್‌ಟಾಪ್‌ಗೆ ಮೂರು ರಾತ್ರಿ ಹಿಡಿಯಿತು, ಎಕ್ಸ್‌ಟರ್ನಲ್ ಡಿಸ್ಕ್‌ಗೂ ಹೋಯಿತು, ಎರಡೂ ಕಡೆ ಲೆಕ್ಕ ಸರಿ ಇದೆ. ಡಿ ಡ್ರೈವ್‌ನಲ್ಲಿ 3ಜಿಪಿ ಹುಡುಕಿದ್ದಕ್ಕೆ ಒಂದು ವಿಡಿಯೋ ಸಿಕ್ಕಿತು. ಚಿತ್ರ ಮಸುಕು, ಅಂಗೈಯಷ್ಟೂ ಇಲ್ಲ, ಆದರೆ ಅಪ್ಪ ಮೊಮ್ಮಗಳಿಗೆ ಮಗ್ಗಿ ಹೇಳಿಕೊಡುವ ಧ್ವನಿ ಸ್ಪಷ್ಟವಾಗಿದೆ. ಇದು ಇದೆ ಅಂತಲೇ ನಮಗ್ಯಾರಿಗೂ ಗೊತ್ತಿರಲಿಲ್ಲ.

ಕೀಲಿಮಣೆಯವರೇ, ನೀವು ಹೇಳಿದ್ದು ಸರಿ, ನುಡಿಯೇ. ಲ್ಯಾಪ್‌ಟಾಪ್‌ನಲ್ಲಿ ಒಂದಕ್ಷರ ಓದಲು ಆಗಲಿಲ್ಲ, ಫಾಂಟ್ ಹಾಕಿದ ಮೇಲೆ ಬಂತು. ಪಿಡಿಎಫ್ ಮಾಡಿ ತಂಗಿಗೂ ಕಳಿಸಿದೆ. ಒಂದು ಫೋಟೋಗೆ ಅಪ್ಪ 'ಎಡದಿಂದ ಮೂರನೆಯವರು ಯಾರು, ಹರಿಹರದ ಅತ್ತೆಯನ್ನು ಕೇಳಬೇಕು' ಅಂತ ಬರೆದಿದ್ದಾರೆ. ಅತ್ತೆಗೆ ಈಗ ಎಂಬತ್ತೆಂಟು. ಭಾನುವಾರ ಫೋಟೋ ಪ್ರಿಂಟ್ ಹಾಕಿಸಿಕೊಂಡು ಹೋಗುತ್ತಿದ್ದೇನೆ.

ಡಿಸ್ಕ್ ಇಟ್ಟುಕೊಂಡೆ. ಮಿಕ್ಕದ್ದನ್ನು ಸೋಮವಾರ ಕೊಡುತ್ತೇನೆ. ಇನ್ನೇನಾದರೂ ನೋಡಬೇಕಾ?

ಕೀಲಿಮಣೆ

ಡಿವಿಡಿ ಡ್ರೈವ್ ಒಳಗೆ ಡಿಸ್ಕ್ ಉಳಿದಿದೆಯಾ ನೋಡಿ. ಪವರ್ ಇಲ್ಲದಿದ್ದರೂ ಮುಂದಿನ ಸಣ್ಣ ತೂತಿಗೆ ನೆಟ್ಟಗೆ ಮಾಡಿದ ಪೇಪರ್ ಪಿನ್ ತೂರಿಸಿ ಒತ್ತಿದರೆ ಟ್ರೇ ಈಚೆ ಬರುತ್ತದೆ. ಸ್ಕ್ಯಾನರ್ ಮುಚ್ಚಳ ಎತ್ತಿ ಗಾಜಿನ ಮೇಲೂ ಒಮ್ಮೆ ನೋಡಿಬಿಡಿ, ಕೊನೆಯ ಫೋಟೋ ಅಲ್ಲೇ ಉಳಿದಿರುವುದುಂಟು.